ಎದೆನೋವನ್ನು ಮುಚ್ಚಿಡಬೇಡಿ



ನೈಜೀರಿಯಾದ ನ್ವಾಂಕ್ವೊ ಕಾನು 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲ್ ಚಿನ್ನ ಗೆದ್ದ ತಂಡದ ನಾಯಕ. ಆಗ ಅವರಿಗೆ 20 ವರ್ಷ. ಅದೇ ವರ್ಷ ಇಟಲಿಯ ಇಂಟರ್ ಮಿಲಾನ್ ಕ್ಲಬ್ ಸೇರಿದಾಗ ನಡೆದ ತಪಾಸಣೆಯಲ್ಲಿ ಹೃದಯದ ಕವಾಟದ ದೋಷ ಪತ್ತೆಯಾಯಿತು. ನವೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು; 1997ರಲ್ಲಿ ಮತ್ತೆ ಮೈದಾನಕ್ಕಿಳಿದರು. ಮುಂದೆ ಆರ್ಸೆನಲ್‌ಗೆ ಆಡಿದರು; 2008ರ ಎಫ್.ಎ. ಕಪ್ ಫೈನಲ್‌ನಲ್ಲಿ ಪೋರ್ಟ್ಸ್‌ಮತ್‌ಗೆ ಗೆಲುವಿನ ಗೋಲು ಹೊಡೆದರು.

ಇದನ್ನು ಛಲದ ಕಥೆ ಎಂದಷ್ಟೇ ಹೇಳಿದರೆ ಸಾಲದು. ಛಲದಿಂದ ಕವಾಟ ಸರಿಯಾಗುವುದಿಲ್ಲ. ತಪಾಸಣೆ ದೋಷವನ್ನು ಹಿಡಿಯಿತು, ವೈದ್ಯರು ಚಿಕಿತ್ಸೆ ಕೊಟ್ಟರು, ಕಾನು ಅಲ್ಲಿಯತನಕ ಕಾದರು. ನಮ್ಮ ಊರಿನ ಮೈದಾನಗಳಲ್ಲಿ ಹುಡುಗರು ಓಡುವಾಗ ಎದೆ ಹಿಂಡಿದರೂ, ಕಣ್ಣು ಕತ್ತಲಿಟ್ಟರೂ ತಂಡದಿಂದ ಕೈಬಿಟ್ಟಾರೆಂದು ಬಾಯಿ ಬಿಡುವುದಿಲ್ಲ. ಮನೆಯವರೂ "ಬಿಸಿಲಿಗೆ ಹಾಗಾಗಿರಬೇಕು" ಎಂದು ಸುಮ್ಮನಾಗುತ್ತಾರೆ.

ಕಾನು ಸುಮ್ಮನಾಗಲಿಲ್ಲ. 2000ದಲ್ಲಿ ಪ್ರತಿಷ್ಠಾನವೊಂದನ್ನು ಕಟ್ಟಿ, ಹೃದ್ರೋಗವಿರುವ ಆಫ್ರಿಕಾದ ಮಕ್ಕಳ ಶಸ್ತ್ರಚಿಕಿತ್ಸೆಗೆ ನೆರವಾಗುತ್ತಾ ಬಂದರು.

ಮುಂದಿನ ಟೂರ್ನಿಗೆ ಜೆರ್ಸಿ ಹೊಲಿಸುವ ಮೊದಲು ನಾವು ಆಟಗಾರರನ್ನೆಲ್ಲ ಒಮ್ಮೆ ವೈದ್ಯರ ಬಳಿ ಕರೆದೊಯ್ಯೋಣ. ಯಾರಾದರೂ "ಎದೆ ನೋಯುತ್ತಿದೆ" ಎಂದರೆ ನಗಾಡದೆ ಆಟ ನಿಲ್ಲಿಸೋಣ. ಒಂದು ಪಂದ್ಯ ಹೋದರೆ ಹೋಗಲಿ.