ಫ್ರಿಜ್ ಕಂಪ್ರೆಸರ್‌ಗೆ ಯಾವ ಆಯಿಲ್ ಹಾಕಿದರೂ ನಡೆಯುತ್ತದೆಯೇ?

ಫ್ರಿಜ್ ತಂಪು ಮಾಡುವುದು ನಿಂತಾಗ ‘ಕಂಪ್ರೆಸರ್‌ನಲ್ಲಿ ಆಯಿಲ್ ಕಮ್ಮಿಯಾಗಿದೆ, ಸ್ವಲ್ಪ ಹಾಕಿದರೆ ಸರಿಹೋಗುತ್ತದೆ’ ಎಂಬ ಮಾತು ಕೇಳಿಬರುತ್ತದೆ. ಬೈಕಿನಂತೆ ಫ್ರಿಜ್‌ಗೂ ಆಗಾಗ ಆಯಿಲ್ ಬದಲಿಸಬೇಕು ಎಂದು ನಂಬಿದವರೂ ಇದ್ದಾರೆ. ಇದರಲ್ಲಿ ಎಷ್ಟು ನಿಜ? ನೋಡೋಣ.

ಆಯಿಲ್ ತಾನಾಗಿಯೇ ಖಾಲಿಯಾಗುತ್ತದೆಯೇ?

ಇಲ್ಲ. ಬೈಕಿನ ಎಂಜಿನ್‌ನಲ್ಲಿ ಪೆಟ್ರೋಲ್ ಉರಿಯುತ್ತದೆ. ಅದರ ಮಸಿ, ಶಾಖದಿಂದ ಆಯಿಲ್ ಕೆಡುತ್ತದೆ. ಫ್ರಿಜ್‌ನಲ್ಲಿ ಏನೂ ಉರಿಯುವುದಿಲ್ಲ. ಮೋಟಾರು, ಪಿಸ್ಟನ್, ಆಯಿಲ್ ಎಲ್ಲವನ್ನೂ ಒಂದೇ ಉಕ್ಕಿನ ಡಬ್ಬದಲ್ಲಿಟ್ಟು ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಕಾರ್ಖಾನೆಯಲ್ಲಿ ತುಂಬಿದ ಆಯಿಲ್ ಸಾಮಾನ್ಯವಾಗಿ ಕಂಪ್ರೆಸರ್ ಇರುವಷ್ಟು ಕಾಲ ಸಾಕು. ಅದು ಕಮ್ಮಿಯಾಗಿದ್ದರೆ ಎಲ್ಲೋ ಸೋರಿದೆ, ಇಲ್ಲವೇ ಕೊಳವೆಗಳಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಕಾರಣ ಹುಡುಕದೆ ಆಯಿಲ್ ಸುರಿದರೆ ದುಡ್ಡು ದಂಡ.

ಗ್ಯಾಸಿಗೂ ಆಯಿಲಿಗೂ ಏನು ನಂಟು?

ಕಂಪ್ರೆಸರ್ ಆಯಿಲ್ ಇದ್ದಲ್ಲೇ ಇರುವುದಿಲ್ಲ. ಅದರ ಸ್ವಲ್ಪ ಭಾಗ ಗ್ಯಾಸಿನ ಜೊತೆ ಕೊಳವೆಗಳಲ್ಲಿ ಸುತ್ತಿ ಮರಳಿ ಬರಬೇಕು. ಹಾಗೆ ಬರಬೇಕಾದರೆ ಅದು ಆ ಗ್ಯಾಸಿನ ಜೊತೆ ಚೆನ್ನಾಗಿ ಬೆರೆಯಬೇಕು. ಬೆರೆಯದಿದ್ದರೆ ಫ್ರೀಜರ್‌ನ ತಣ್ಣನೆಯ ಕೊಳವೆಗಳಲ್ಲಿ ಕೂತುಬಿಡುತ್ತದೆ. ಆಗ ತಂಪೂ ಕಡಿಮೆ, ಕಂಪ್ರೆಸರ್‌ಗೂ ಆಯಿಲ್ ಸಾಲದೆ ಸವೆತ.

ಹಳೆಯ ಫ್ರಿಜ್‌ಗಳ ಆರ್-12 ಗ್ಯಾಸಿಗೆ ಮಿನರಲ್ ಆಯಿಲ್ ಹೊಂದುತ್ತಿತ್ತು. ಓಝೋನ್ ಪದರಕ್ಕೆ ಹಾನಿ ಮಾಡುವ ಇಂಥ ಗ್ಯಾಸುಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಆರ್-134ಎ ಮಿನರಲ್ ಆಯಿಲ್ ಜೊತೆ ಬೆರೆಯುವುದಿಲ್ಲ. ಅದಕ್ಕೆ ಪಾಲಿಯೋಲ್ ಎಸ್ಟರ್ ಎಂಬ ಕೃತಕ ಆಯಿಲ್ ಬೇಕು. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿರುವ ಆರ್-600ಎ, ಅಂದರೆ ಐಸೋಬ್ಯೂಟೇನ್, ಮತ್ತೆ ಮಿನರಲ್ ಆಯಿಲ್ ಜೊತೆ ಚೆನ್ನಾಗಿ ಹೊಂದುತ್ತದೆ.

ಕಾರಿನ ಎಸಿಯಲ್ಲೂ ಇದೇ ಕಥೆ. ಬೆಲ್ಟಿನಿಂದ ತಿರುಗುವ ಕಂಪ್ರೆಸರ್‌ಗಳಲ್ಲಿ ಸಾಮಾನ್ಯವಾಗಿ ಪಿಎಜಿ ಆಯಿಲ್ ಬಳಸುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಮೋಟಾರು ಕಂಪ್ರೆಸರ್‌ನ ಒಳಗೇ ಇರುತ್ತದೆ. ವಿದ್ಯುತ್ತನ್ನು ತಡೆಯುವ ಗುಣ ಪಿಎಜಿಯಲ್ಲಿ ಕಡಿಮೆ. ಹಾಗಾಗಿ ಅಲ್ಲಿ ಹೆಚ್ಚಾಗಿ ಪಾಲಿಯೋಲ್ ಎಸ್ಟರ್ ಇರುತ್ತದೆ.

ತೆರೆದಿಟ್ಟ ಡಬ್ಬದ ಆಯಿಲ್ ಯಾಕೆ ಬೇಡ?

ಉಪ್ಪಿನಂತೆ ಪಾಲಿಯೋಲ್ ಎಸ್ಟರ್ ಕೂಡ ಗಾಳಿಯ ತೇವವನ್ನು ಹೀರುತ್ತದೆ. ಆ ನೀರು ಆಯಿಲ್ ಜೊತೆ ಸೇರಿ ಆಮ್ಲವಾಗುತ್ತದೆ. ಆಮ್ಲ ಮೋಟಾರಿನ ವೈಂಡಿಂಗ್ ಕೆಡಿಸುತ್ತದೆ. ತೇವ ಸಣ್ಣ ಕೊಳವೆಯಲ್ಲಿ ಮಂಜುಗಟ್ಟಿ ದಾರಿ ಮುಚ್ಚುವುದೂ ಉಂಟು. ಆಯಿಲ್ ಒಮ್ಮೆ ಹೀರಿದ ನೀರನ್ನು ವ್ಯಾಕ್ಯೂಮ್ ಪಂಪಿನಿಂದಲೂ ತೆಗೆಯುವುದು ಕಷ್ಟ.

ದಪ್ಪ ಆಯಿಲ್ ಒಳ್ಳೆಯದಲ್ಲವೇ?

ಇದೂ ತಪ್ಪು ನಂಬಿಕೆ. ಆಯಿಲ್ ಡಬ್ಬದ ಮೇಲೆ ವಿಜಿ 10, ವಿಜಿ 32, ವಿಜಿ 68 ಎಂದು ಬರೆದಿರುತ್ತದೆ. ಇದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ಮಂದ ಎಂಬುದರ ಅಳತೆ. ಮನೆಯ ಸಣ್ಣ ಕಂಪ್ರೆಸರ್‌ಗೆ ತೆಳು ಆಯಿಲ್ ಬೇಕು. ದಪ್ಪದ್ದು ಹಾಕಿದರೆ ಮೋಟಾರಿಗೆ ಭಾರ, ಕರೆಂಟ್ ಬಿಲ್ಲೂ ಹೆಚ್ಚು. ತೀರಾ ತೆಳುವಾದರೆ ಸವೆತ. ಕಂಪನಿ ಹೇಳಿದ ಅಳತೆಯೇ ಸರಿ.

ಹಾಗಾದರೆ ನಾವೇನು ಮಾಡಬೇಕು?

ಫ್ರಿಜ್‌ನ ಹಿಂದೆ ಅಥವಾ ಕಂಪ್ರೆಸರ್ ಮೇಲೆ ಅಂಟಿಸಿದ ಚೀಟಿಯಲ್ಲಿ ಗ್ಯಾಸಿನ ಹೆಸರು ಇರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಬಂದಾಗ ಮೂರು ಪ್ರಶ್ನೆ ಕೇಳಿ: ಸೋರಿಕೆ ಎಲ್ಲಿದೆ? ಹಾಕುವ ಆಯಿಲ್ ಈ ಗ್ಯಾಸಿಗೆ, ಈ ಕಂಪ್ರೆಸರ್‌ಗೆ ಹೊಂದುತ್ತದೆಯೇ? ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಮಾಡುತ್ತೀರಾ? ಚೀಟಿಯಲ್ಲಿ ಆರ್-600ಎ ಎಂದಿದ್ದರೆ ಇನ್ನೂ ಎಚ್ಚರ: ಅದು ಅಡುಗೆ ಗ್ಯಾಸಿನಂತೆ ಬೆಂಕಿ ಹಿಡಿಯುತ್ತದೆ. ಅಂಥ ಫ್ರಿಜ್ ಅನ್ನು ತರಬೇತಿ ಪಡೆದವರ ಕೈಗೇ ಕೊಡಿ.