ಭಾಗ 3: ಪೋಸ್ಟ್‌ಡಾಕ್‌ಗೆ ಕಾಲ್‌ಫಾರ್ ಕಾಯಬ್ಯಾಡ್ರಿ, ಪತ್ರ ಬರೀರಿ 🌶️

ಪಿಎಚ್‌ಡಿ ಮುಗಿಸಿದವರಿಗೆ, ಮುಗಿಸಾಕ ಹತ್ತಿದವರಿಗೆ ಒಂದು ನೇರ ಮಾತು.

ಹಾವೇರಿ ಬಸ್‌ಸ್ಟ್ಯಾಂಡಿನಾಗ ಸಿಕ್ಕವರೆಲ್ಲ ಕೇಳೋದು ಒಂದೇ: "ಪೋಸ್ಟ್‌ಡಾಕ್ ಕಾಲ್‌ಫಾರ್ ಯಾವಾಗ ಆಗ್ತೈತಿ?" ಇದು ಎಫ್‌ಡಿಎ ಪರೀಕ್ಷೆ ಅಲ್ರೀ! ಎಷ್ಟೋ ಪೋಸ್ಟ್‌ಡಾಕ್ ಕೆಲಸ ಪೇಪರಿನ್ಯಾಗ ಬರೋದೇ ಇಲ್ಲ. ಪ್ರಾಧ್ಯಾಪಕರಿಗೆ ನೀವೇ ಬರೆದು ಕೇಳಬೇಕು.

ಬ್ಯಾಡಗಿಯವರಿಗೆ ಇದನ್ನ ಹೇಳಿಕೊಡಬೇಕೇನು? ಚೀಲ ತುಂಬಿಕೊಂಡು ಪೇಟೆಗೆ ಹೋಗದಿದ್ರ ಡಬ್ಬಿ ಮೆಣಸಿನಕಾಯಿಗೂ ರೇಟ್ ಸಿಗಂಗಿಲ್ಲ.

ಎರಡನೇ ಸುಳ್ಳು: "ನಿನ್ನ ಹಿಂದ ಯಾರದಾರ?" ವಶೀಲಿ ಎಲ್ಲೂ ಇಲ್ಲ ಅಂತ ನಾನು ಹೇಳಂಗಿಲ್ಲ. ಆದರ ಅರ್ಜಿನೇ ಹಾಕದವರಿಗೆ ವಶೀಲಿ ಬಗ್ಗೆ ದೂರೋ ಹಕ್ಕು ಎಲ್ಲೈತಿ?

ನಾನೂ ಅತಿಥಿ ಉಪನ್ಯಾಸಕನಾಗಿ ಎರಡು ವರ್ಷ ಸುಮ್ಮನ ಕಾದೆ. ಆಮೇಲೆ ಒಂದೇ ಪತ್ರ 40 ಮಂದಿಗೆ ಕಳಿಸಿದೆ, "ರೆಸ್ಪೆಕ್ಟೆಡ್ ಸರ್" ಅಂತ. ಒಂದೂ ಉತ್ತರ ಬರಲಿಲ್ಲ. ತಪ್ಪು ಅವರದಲ್ಲ, ನಂದು. ಒಬ್ಬರ ಪ್ರಬಂಧನೂ ನಾನು ಓದಿರಲಿಲ್ಲ. ಓದಿ ಬರೆದದ್ದು ಆರೇ ಪತ್ರ, ಉತ್ತರ ಎರಡು ಬಂದವು. ಒಬ್ಬರು, "ಈಗ ದುಡ್ಡಿಲ್ಲ, ಫೆಲೋಶಿಪ್‌ಗೆ ಪ್ರಸ್ತಾವನೆ ಬರಿ, ನಾನು ಮಾರ್ಗದರ್ಶಕ ಆಗ್ತೀನಿ" ಅಂದ್ರು. ಬಾಗಿಲು ತೆರೆಯೋದು ಹಿಂಗ.

ಪತ್ರದಾಗ ಏನಿರಬೇಕು?
▪️ ಅವರ ಯಾವ ಪ್ರಬಂಧ ಓದಿದಿರಿ, ಅದರಾಗ ನಿಮಗೆ ಎದ್ದ ಪ್ರಶ್ನೆ ಏನು
▪️ ನಿಮಗೆ ಬರೋ ಒಂದು ಕೆಲಸ
▪️ ಎರಡು ವರ್ಷದಾಗ ಏನು ಮಾಡ್ತೀರಿ, ನಾಲ್ಕು ಸಾಲು
▪️ ಸಿವಿ, ಇಬ್ಬರು ರೆಫರಿಗಳು
ಎರಡು ವಾರ ಬಿಟ್ಟು ಒಮ್ಮೆ ನೆನಪಿಸ್ರಿ. ನಾಚಿಕೆ ಯಾಕ?

ವಿಜ್ಞಾನದವರಿಗೆ ಎಎನ್‌ಆರ್‌ಎಫ್‌ನ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಐತಿ, ಮೊದಲು ಎಸ್‌ಇಆರ್‌ಬಿ ಕೊಡ್ತಿದ್ದದ್ದು. ಅವಧಿ 2 ವರ್ಷ, ಮಾರ್ಗದರ್ಶಕರ ಒಪ್ಪಿಗೆ ಮೊದಲೇ ಬೇಕು. ಸಾಮಾನ್ಯ ವಯೋಮಿತಿ 35. ಮಹಿಳೆಯರಿಗೆ, ಮೀಸಲು ವರ್ಗದವರಿಗೆ ಸಡಿಲಿಕೆ ಐತಿ. ಸಮಾಜವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್ ಐತಿ. ಆ ವರ್ಷದ ನಿಯಮ ನೀವೇ ಓದ್ರಿ, ಸೀನಿಯರ್ ಬಾಯಿಮಾತು ನಂಬಬ್ಯಾಡ್ರಿ. ಕಾಯೋ ಒಂದೊಂದು ವರ್ಷ ಆ 35ರಾಗಿಂದನ ಹೋಗ್ತೈತಿ.

"ನಮ್ಮೂರಾಗ ಸಂಶೋಧನೆಗೆ ಏನೈತಿ?" ಅಂತೀರಾ? ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಜಿಐ ಸಿಕ್ಕೈತಿ. ಅದರ ಬಣ್ಣ, ತಳಿ, ದರದ ಏರಿಳಿತ ಒಂದೊಂದೂ ಒಂದು ಪ್ರಶ್ನೆ. ರಾಣೇಬೆನ್ನೂರಿನಾಗ ಕೃಷ್ಣಮೃಗ ಅದಾವ, ಬೀಜೋತ್ಪಾದನೆ ಐತಿ. ಗೊಟಗೋಡಿಯಾಗ ಜಾನಪದ ವಿಶ್ವವಿದ್ಯಾಲಯನ ಐತಿ. ಈ ಹೊಲ, ಈ ಮಾತು ಗೊತ್ತಿರೋದು ನಿಮಗ. ಅದನ್ನ ಪತ್ರದಾಗ ಮುಚ್ಚಿಡಬ್ಯಾಡ್ರಿ.

ಮನಿ ನಡೆಸಾಕ ಈಗಲೇ ಪಗಾರ ಬೇಕಂದ್ರ ಪಾಠ ಮಾಡ್ರಿ, ಅದರಾಗ ಅವಮಾನ ಏನಿಲ್ಲ. ಪೋಸ್ಟ್‌ಡಾಕ್ ಕಾಯಂ ನೌಕರಿನೂ ಅಲ್ಲ. ಆದರ "ನಮ್ಮಂಥವರಿಗಲ್ಲ" ಅಂತ ನೀವೇ ನಿಮ್ಮ ಅರ್ಜಿ ತಿರಸ್ಕರಿಸಬ್ಯಾಡ್ರಿ. ಆ ಕೆಲಸಕ್ಕ ಬ್ಯಾರೆಯವರದಾರ.

ಈ ವಾರ ಒಂದೇ ಒಂದು ಪತ್ರ. ಕಳಿಸಿದವರು ಕೆಳಗ "ಕಳಿಸಿದೆ" ಅಂತ ಹಾಕ್ರಿ. ಭಾಗ 4ರಾಗ ಪ್ರಸ್ತಾವನೆ ಬರೆಯೋದು ನೋಡೋಣು.

#ಹಾವೇರಿ #ರಾಣೇಬೆನ್ನೂರು #ಬ್ಯಾಡಗಿ #ಪೋಸ್ಟ್‌ಡಾಕ್