ವಿದ್ಯುತ್ ಗಿಟಾರು ಕೊಳ್ಳುವ ಗೃಹಸ್ಥರಿಗೆ

ಕುಣಿಯಲಾರದವಳಿಗೆ ನೆಲ ಡೊಂಕೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಕೆಲವು ಸಲ ನೆಲವೇ ನಿಜವಾಗಿ ಡೊಂಕಾಗಿರುವದೂ ಉಂಟು. ಮಗನೋ ಮಗಳೋ ವಿದ್ಯುತ್ ಗಿಟಾರು ಬೇಕೆಂದು ಹಟ ಹಿಡಿದಾಗ, ‘ಮೊದಲು ಕಲಿಯಲಿ, ಆಮೇಲೆ ಒಳ್ಳೆಯದನ್ನು ನೋಡೋಣ’ ಎಂದು ಮನೆಯ ಯಜಮಾನರು ಎಲ್ಲಕ್ಕೂ ಅಗ್ಗದ ವಾದ್ಯವನ್ನು ತರುವರು. ಅದು ಶ್ರುತಿಯಲ್ಲಿ ನಿಲ್ಲದು. ತಂತಿಯನ್ನು ಒತ್ತಿದರೆ ಬೆರಳು ಕೀಳುವದು. ಮೂರು ತಿಂಗಳೊಳಗೆ ಗಿಟಾರು ಗೋಡೆಯ ಗೂಟಕ್ಕೇರುವದು. ತನಗೆ ಸ್ವರಜ್ಞಾನವಿಲ್ಲವೆಂದು ಮಗುವು ನಂಬುವದು. ಮಗುವಿಗೆ ಛಲವಿಲ್ಲವೆಂದು ಮನೆಯವರು ನಂಬುವರು. ಹೋದ ಹಣಕ್ಕಿಂತ ಈ ಎರಡು ತಪ್ಪು ನಂಬಿಕೆಗಳ ಹಾನಿಯೇ ದೊಡ್ಡದು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸೀಮೆಯಲ್ಲಿ ವಾದ್ಯಪ್ರೀತಿಗೆ ಕೊರತೆಯಿಲ್ಲ. ಸಿದ್ದಿ ಬಾಂಧವರ ಡಮಾಮಿ ಇಲ್ಲಿಯದೇ. 1966ರಿಂದ ಮುಂಡಗೋಡದಲ್ಲಿ ನೆಲಸಿದ ಟಿಬೇಟಿಯನ್ನರಿಗೆ ಡ್ರಾನ್ಯೆನ್ ಎಂಬ ತಮ್ಮದೇ ತಂತಿವಾದ್ಯವಿದೆ. ಆದರೆ ಹತ್ತಾರು ಗಿಟಾರುಗಳನ್ನು ಕೈಯಲ್ಲಿ ಹಿಡಿದು ಹೋಲಿಸಬೇಕೆಂಬವರು ಬಹುಮಟ್ಟಿಗೆ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕು. ಆದಕಾರಣ ಏನನ್ನು ನೋಡಬೇಕೆಂಬದನ್ನು ಮನೆಯಲ್ಲಿಯೇ ಅರಿತು ಹೊರಡುವದು ಲೇಸು.

ವೀಣೆಯ ನಾದ ಮರದ ಕೊಡದಿಂದ ಹೊಮ್ಮುವದು. ವಿದ್ಯುತ್ ಗಿಟಾರಿನಲ್ಲಿ ಹಾಗಲ್ಲ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ನವುರಾದ ತಾಮ್ರದ ತಂತಿಯನ್ನು ಸುತ್ತಿದ ಪಿಕಪ್ ಇರುವದು. ತಂತಿ ಮಿಡಿದಾಗ ಅದರಲ್ಲಿ ಅಲ್ಪ ವಿದ್ಯುತ್ತು ಹುಟ್ಟುವದು. ಆಂಪ್ಲಿಫಾಯರು ಅದನ್ನು ಹಿರಿದು ಮಾಡಿ ಕೇಳಿಸುವದು. ಆದ್ದರಿಂದ ಒಡಲಿನ ಮರದ ವಿಷಯದಲ್ಲಿ ಅಂಗಡಿಕಾರರು ಹೇಳುವ ಹೊಗಳಿಕೆಗೆ ಹೆಚ್ಚು ಹಣ ತೆರಬೇಕಾಗಿಲ್ಲ. ಹಣ ತೆರಬೇಕಾದದ್ದು ನೆಟ್ಟಗಿರುವ ದಂಡಿಗೆ, ಸಮನಾಗಿ ಕೂಡಿಸಿದ ಮೆಟ್ಟುಗಳಿಗೆ, ಜಾರದ ಬಿರಡೆಗಳಿಗೆ.

ಇನ್ನು ಹೆಸರುಗಳ ವಿಚಾರ. 1887ರಲ್ಲಿ ಜಪಾನಿನಲ್ಲಿ ಆರ್ಗನ್ ದುರಸ್ತಿಯಿಂದ ಮೊದಲಾದ ಯಾಮಾಹಾ ಕಂಪನಿಯು 1990ರಲ್ಲಿ ಪೆಸಿಫಿಕಾ ಎಂಬ ಗಿಟಾರನ್ನು ಹೊರತಂದಿತು. ಅದರ 012 ಎಂಬದು ಕೆಳಗಿನ ದರ್ಜೆಯದು, 112 ಅದಕ್ಕೆ ಮೇಲಿನದು. ಎರಡರಲ್ಲಿಯೂ ಎರಡು ಒಂಟಿ ಸುರುಳಿಯ ಪಿಕಪ್‌ಗಳೂ ಒಂದು ಜೋಡಿ ಸುರುಳಿಯದೂ ಇರುವದರಿಂದ ಮೃದುವಾದ ದನಿಯೂ ಗಡುಸಾದ ದನಿಯೂ ಒಂದೇ ವಾದ್ಯದಲ್ಲಿ ಬರುವವು. ಸ್ಕ್ವಾಯರ್ ಎಂಬ ಹೆಸರನ್ನು ಅಮೇರಿಕೆಯ ಫೆಂಡರ್ ಕಂಪನಿಯು 1965ರಲ್ಲಿ ಕೊಂಡು, 1982ರಿಂದ ಕಡಿಮೆ ಬೆಲೆಯ ಗಿಟಾರುಗಳಿಗೆ ಇಟ್ಟಿತು. ಇದರಲ್ಲಿ ಸೋನಿಕ್, ಅಫಿನಿಟಿ, ಕ್ಲಾಸಿಕ್ ವೈಬ್ ಎಂದು ಒಂದಕ್ಕಿಂತ ಒಂದು ಮೇಲು. ಎಪಿಫೋನ್ ಗಿಬ್ಸನ್ ಮನೆತನದ್ದು. ಅದರ ಲೆಸ್ ಪಾಲ್ ಮಾದರಿಯ ತಂತಿಯಳತೆ 24¾ ಅಂಗುಲ. ಸ್ಕ್ವಾಯರಿನ ಸ್ಟ್ರಾಟೋಕಾಸ್ಟರಿನದು 25½. ಅಳತೆ ಗಿಡ್ಡಾದಷ್ಟು ತಂತಿ ಸಡಿಲಾಗಿ ಎಳೆಯ ಬೆರಳುಗಳಿಗೆ ಹಗುರವಾಗುವದು. ಆದರೆ ಅದರ ತಲೆ ಹಿಂದಕ್ಕೆ ಬಾಗಿದ್ದು, ಬಿದ್ದರೆ ಕುತ್ತಿಗೆಯಲ್ಲಿ ಮುರಿಯುವ ಭಯವುಂಟು. ಬಸ್ಸಿನ ಪ್ರಯಾಣದಲ್ಲಿ ಗಟ್ಟಿ ಪೆಟ್ಟಿಗೆ ಬೇಕು. ಐಬನೇಜ್ ಕಂಪನಿಯ ಜಿಯೋ ತೆಳ್ಳನೆಯ ದಂಡಿಯದು. ಕೊರಿಯಾದ ಕಾರ್ಟ್ ಕಂಪನಿಯು ಇತರ ಪ್ರಸಿದ್ಧ ಹೆಸರುಗಳಿಗಾಗಿಯೂ ವಾದ್ಯ ಮಾಡಿಕೊಡುತ್ತ ಬಂದದ್ದು. ಹೆಸರಿಗಾಗಿ ಕೊಡುವ ಹಣ ಇದರಲ್ಲಿ ಕಡಿಮೆ.

ನಮ್ಮ ಮತದಲ್ಲಿ, ಅನುಕೂಲವಿದ್ದವರಿಗೆ ಪೆಸಿಫಿಕಾ 112 ಬಹುಕಾಲ ಬದಲಿಸಬೇಕಾಗದ ವಾದ್ಯ. ಅಷ್ಟು ಹಣವಿಲ್ಲದವರು ಅಫಿನಿಟಿ, ಕಾರ್ಟ್, ಪೆಸಿಫಿಕಾ 012 ಇವುಗಳಲ್ಲಿ ಪರೀಕ್ಷೆಗೆ ನಿಂತದ್ದನ್ನು ಕೊಳ್ಳಲಿ. ಗಿಟಾರು, ಚೀಲ, ಸ್ಪೀಕರುಗಳನ್ನೆಲ್ಲ ಒಂದೇ ಡಬ್ಬಿಯಲ್ಲಿಟ್ಟು ಮಾರುವ ಹೆಸರಿಲ್ಲದ ಸರಕಿನಿಂದ ದೂರವಿರುವದು ಮೇಲು.

ಬೆರಳುಹಲಗೆಯ ಮರದ ಬಗ್ಗೆ ಒಂದು ಮಾತು. ಪೂರ್ವದಲ್ಲಿ ಇದಕ್ಕೆ ಬೀಟೆಯೇ ಶ್ರೇಷ್ಠವೆಂದು ಎಣಿಸುತ್ತಿದ್ದರು. 2017ರಲ್ಲಿ ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟು ಬಂದಿತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಈ ನಡುವೆ ಸ್ಕ್ವಾಯರ್, ಎಪಿಫೋನ್ ಮೊದಲಾದವರು ‘ಇಂಡಿಯನ್ ಲಾರೆಲ್’ ಎಂಬ ಮರವನ್ನು ಹಿಡಿದರು. ಪರದೇಶದ ಹೆಸರೆಂದು ಯಾರೂ ಬೆರಗಾಗಬೇಕಾಗಿಲ್ಲ. ಅದು ನಮ್ಮ ಕಾಡುಗಳಲ್ಲಿ ಮೊಸಳೆಯ ಚರ್ಮದಂಥ ತೊಗಟೆ ಹೊತ್ತು ನಿಲ್ಲುವ ಮತ್ತಿಯ ಜಾತಿಯೇ. ಮತ್ತಿಯ ಗಟ್ಟಿತನವನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಾದದ್ದಿಲ್ಲ. ಬೀಟೆಯಲ್ಲವೆಂಬ ಕಾರಣಕ್ಕೆ ಒಳ್ಳೆಯ ವಾದ್ಯವನ್ನು ಬಿಡಬಾರದು.

ಅಂಗಡಿಯಲ್ಲಿ ನಾಲ್ಕು ಪರೀಕ್ಷೆಗಳನ್ನು ಮಾಡಿರಿ. ಮೊದಲನೆಯದು, ದಂಡಿಯ ಅಂಚಿನಗುಂಟ ಅಂಗೈ ಎಳೆದರೆ ಮೆಟ್ಟುಗಳ ತುದಿ ಚುಚ್ಚಬಾರದು. ಎರಡನೆಯದು, ತಂತಿಯನ್ನು ಮೊದಲ ಮೆಟ್ಟಿನಲ್ಲಿಯೂ ಕೊನೆಯ ಮೆಟ್ಟಿನಲ್ಲಿಯೂ ಒಮ್ಮೆಗೇ ಒತ್ತಿದಾಗ ನಡುವೆ ಗಟ್ಟಿ ಕಾಗದದಷ್ಟೇ ಸಂದು ಉಳಿಯಬೇಕು. ಮೂರನೆಯದು, 12ನೆಯ ಮೆಟ್ಟು ತಂತಿಯ ಅರ್ಧಕ್ಕೆ ಬರುವದರಿಂದ, ಅಲ್ಲಿ ಒತ್ತಿದ ಸ್ವರವು ಬಿಟ್ಟ ತಂತಿಯ ಮೇಲಿನ ಷಡ್ಜಕ್ಕೆ ಸರಿಯಾಗಿ ಕೂಡಬೇಕು. ನಾಲ್ಕನೆಯದು, ಶ್ರುತಿ ಮಾಡಿ ಹತ್ತು ನಿಮಿಷ ಬಿರುಸಾಗಿ ಬಾರಿಸಿದ ಬಳಿಕವೂ ಶ್ರುತಿ ನಿಂತಿರಬೇಕು. ಇದರಲ್ಲಿ ಸೋತ ದೊಡ್ಡ ಹೆಸರಿಗಿಂತ ಗೆದ್ದ ಸಣ್ಣ ಹೆಸರೇ ಮೇಲು.

ನಮ್ಮ ಹವೆಯನ್ನೂ ಲೆಕ್ಕಿಸಬೇಕು. ಜೋಯಿಡಾದ ಮಳೆಗಾಲದಲ್ಲಿ ಮರ ನೀರಾವಿ ಹೀರಿ ಉಬ್ಬುವದು, ತಂತಿ ತುಕ್ಕು ಹಿಡಿಯುವದು. ಹಳಿಯಾಳ-ಮುಂಡಗೋಡಗಳ ಬೇಸಗೆಯಲ್ಲಿ ಮರ ಆರಿ ಕುಗ್ಗುವದು. ದಂಡಿ ಬಾಗಿದರೆ ಹೆದರಬೇಕಾಗಿಲ್ಲ. ಒಳಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಕಡ್ಡಿಯನ್ನು ಬಲ್ಲವರಿಂದ ತುಸುವೇ ತಿರುಗಿಸಿದರೆ ನೆಟ್ಟಗಾಗುವದು. ಬಾರಿಸಿದ ಮೇಲೆ ತಂತಿಯನ್ನು ಒಣ ಅರಿವೆಯಿಂದ ಒರೆಸಿ, ವಾದ್ಯವನ್ನು ತೇವದ ಗೋಡೆಗೆ ತಗಲಿಸದೆ ಚೀಲದಲ್ಲಿಡಿರಿ. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಸ್ಪೀಕರು ಗುಂಯ್ಗುಡುವದಷ್ಟೇ ಅಲ್ಲ, ಅಪಾಯವೂ ಉಂಟು. ಅದನ್ನು ಮೊದಲು ಸರಿಪಡಿಸತಕ್ಕದ್ದು.

ಕೊನೆಗೆ ಹಣದ ಹಂಚಿಕೆ. ಇದ್ದ ಹಣವನ್ನೆಲ್ಲ ಗಿಟಾರಿಗೇ ಸುರಿಯಬಾರದು. ನಾಲ್ಕರಲ್ಲೊಂದು ಪಾಲನ್ನು ಸಣ್ಣ ಆಂಪ್ಲಿಫಾಯರಿಗೂ ತಂತಿ-ಮೆಟ್ಟುಗಳ ಹದಮಾಡಿಕೆಗೂ ತೆಗೆದಿಡಿರಿ. ಮನೆಗೆ 10 ವಾಟಿನದು ಸಾಕು. ಹೆಡ್‌ಫೋನಿನ ತೂತು ಇರುವದನ್ನು ಆರಿಸಿದರೆ ಅಜ್ಜನ ನಿದ್ದೆಗೂ ಮೊಮ್ಮಗನ ಅಭ್ಯಾಸಕ್ಕೂ ಜಗಳವಿರದು. ಎಲ್ಲರೂ ಸಂಗೀತಗಾರರಾಗುವದಿಲ್ಲ. ಮಗುವು ಒಂದು ವೇಳೆ ಕೈಬಿಟ್ಟರೆ ತನ್ನ ಮನಸ್ಸಿನಿಂದ ಬಿಡಲಿ, ಡೊಂಕು ನೆಲದಿಂದ ಬೇಡ.